ಚೌಕಿಯಿಂದ ಸಂಘಟಕರವರೆಗೆ: ಯಕ್ಷಗಾನ ಕಲಾವಿದರ ವೃತ್ತಿಸಂಬಂಧಗಳನ್ನು ಕುರಿತು

೧

ಯಕ್ಷಗಾನವನ್ನು ಕುರಿತ ಕನ್ನಡದ ಅಧ್ಯಯನಗಳು ಪ್ರಸಂಗಸಾಹಿತ್ಯ, ಹಿಮ್ಮೇಳ, ನೃತ್ಯ, ವೇಷಭೂಷಣ ಮತ್ತು ಅರ್ಥಗಾರಿಕೆ ಎಂಬ ದಾರಿಗಳಲ್ಲಿ ಬಹುದೂರ ಸಾಗಿವೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಕೃತಿಗೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದ ಬಳಿಕ ಈ ಕಲೆಯು ವಿದ್ವತ್ತಿನ ಗಂಭೀರ ವಿಷಯವೆಂದು ಯಾರೂ ಪ್ರತ್ಯೇಕವಾಗಿ ಸಮರ್ಥಿಸಬೇಕಾಗಿ ಬರಲಿಲ್ಲ. ಆದರೆ ಕಲಾವಿದನೊಬ್ಬನಿಗೆ ಕೆಲಸ ಹೇಗೆ ದೊರೆಯುತ್ತದೆ, ದೊರೆತ ಕೆಲಸ ಹೇಗೆ ಉಳಿಯುತ್ತದೆ, ಒಂದು ಮೇಳದಿಂದ ಇನ್ನೊಂದು ಮೇಳಕ್ಕೆ ಅವನನ್ನು ಕರೆದವರು ಯಾರು ಎಂಬ ಪ್ರಶ್ನೆಗಳು ನಮ್ಮ ಅಧ್ಯಯನದ ಅಂಚಿನಲ್ಲಿಯೇ ಉಳಿದಿವೆ.

ಈ ಕೊರತೆಯು ಎದ್ದು ಕಾಣುವುದು ಅಭಿನಂದನ ಗ್ರಂಥಗಳಲ್ಲಿ, ಸಂಸ್ಮರಣ ಸಂಪುಟಗಳಲ್ಲಿ ಹಾಗೂ ಕಲಾವಿದರ ಪರಿಚಯಮಾಲೆಗಳಲ್ಲಿ. ಇವುಗಳಲ್ಲಿ ಬರುವ ಜೀವನಚಿತ್ರಕ್ಕೆ ಒಂದು ಸಿದ್ಧ ಅಚ್ಚು ಇದೆ. ಹುಟ್ಟೂರು, ತಂದೆತಾಯಿ, ಗುರು, ಗೆಜ್ಜೆ ಕಟ್ಟಿದ ವಯಸ್ಸು, ತಿರುಗಾಟ ಮಾಡಿದ ಮೇಳಗಳು, ಹೆಸರು ತಂದ ಪಾತ್ರಗಳು, ಕೊನೆಗೆ ಪ್ರಶಸ್ತಿಗಳು. ‘ಅನಂತರ ಇಂಥ ಮೇಳವನ್ನು ಸೇರಿದರು’ ಎಂಬ ವಾಕ್ಯವು ಪ್ರತಿಯೊಂದು ಬರಹದಲ್ಲಿಯೂ ನಾಲ್ಕಾರು ಬಾರಿ ಬರುತ್ತದೆ. ಒಬ್ಬ ಮನುಷ್ಯನ ಬದುಕು ತಿರುವು ಪಡೆದದ್ದು ಆ ವಾಕ್ಯದೊಳಗೆ. ಆದರೆ ಆ ತಿರುವಿನ ಕಾರಣವನ್ನು ವಾಕ್ಯವು ಹೇಳುವುದಿಲ್ಲ. ಯಾರು ಮಾತಾಡಿಸಿದರು, ಯಾವ ಭಾಗವತರು ಶಿಫಾರಸು ಮಾಡಿದರು, ಯಾರ ಗೈರುಹಾಜರಿಯಲ್ಲಿ ಯಾವ ವೇಷ ಒದಗಿತು, ಯಾರೊಡನೆ ಮನಸ್ತಾಪವಾಗಿ ಹಳೆಯ ಮೇಳ ಬಿಟ್ಟುಹೋಯಿತು ಎಂಬುದೆಲ್ಲ ಬರಹದಿಂದ ಹೊರಗೆ ಉಳಿಯುತ್ತದೆ. ಪ್ರತಿಭೆ ತಾನಾಗಿಯೇ ದಾರಿ ಮಾಡಿಕೊಂಡಿತೆಂಬ ಭಾವನೆ ಓದುಗನಲ್ಲಿ ನೆಲೆಗೊಳ್ಳುತ್ತದೆ.

‘ಸಂಪರ್ಕ’, ‘ಪ್ರಭಾವ’ ಎಂಬ ಶಬ್ದಗಳಿಗೆ ಕಲಾವಲಯದಲ್ಲಿ ಅಂಟಿಕೊಂಡಿರುವ ಅಪಕೀರ್ತಿಯೂ ಈ ಮೌನಕ್ಕೆ ಒಂದು ಕಾರಣ. ಸಂಪರ್ಕದಿಂದ ಮುಂದೆ ಬಂದವನು ಎಂದರೆ ಯೋಗ್ಯತೆಯಿಲ್ಲದೆ ಮುಂದೆ ಬಂದವನು ಎಂದೇ ಅರ್ಥ. ಈ ಲೇಖನದ ನಿಲುವು ಬೇರೆ. ಯಕ್ಷಗಾನದಂಥ ಸಾಮೂಹಿಕ ಕಲೆಯಲ್ಲಿ ವೃತ್ತಿಸಂಬಂಧಗಳು ಕಲೆಯ ಹೊರಗಿನ ವ್ಯವಹಾರವಲ್ಲ. ಅವು ಕಲೆಯ ಕಲಿಕೆ ಹಾಗೂ ಮೌಲ್ಯಮಾಪನದ ಭಾಗವೇ ಆಗಿವೆ. ಆದುದರಿಂದ ಸಂಬಂಧಗಳು ಇದ್ದವೇ ಇರಲಿಲ್ಲವೇ ಎಂದು ಕೇಳುವುದಕ್ಕಿಂತ, ಅವು ಎಲ್ಲಿ ಬೆಳೆದವು, ಯಾರ ತೀರ್ಪನ್ನು ಆಧರಿಸಿದ್ದವು, ಯಾರನ್ನು ಹೊರಗಿಟ್ಟವು ಎಂದು ಕೇಳಬೇಕಾಗಿದೆ.

೨

ಕಲೆಯನ್ನು ಸಹಕಾರದ ಕ್ರಿಯೆಯೆಂದು ನೋಡುವ ದೃಷ್ಟಿಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ ೧೯೮೨ರ ತನ್ನ ‘ಆರ್ಟ್ ವರ್ಲ್ಡ್ಸ್’ ಕೃತಿಯಲ್ಲಿ ವಿವರವಾಗಿ ಮಂಡಿಸಿದ. ಕೃತಿಯೊಂದು ಕಲಾವಿದನೊಬ್ಬನ ಸೃಷ್ಟಿಯಾಗಿ ಕಂಡರೂ ಅದರ ಹಿಂದೆ ಅನೇಕರ ಕೆಲಸವಿರುತ್ತದೆ, ಆ ಕೆಲಸವನ್ನು ಸಮಾನವಾದ ರೂಢಿಗಳು ಜೋಡಿಸುತ್ತವೆ ಎಂಬುದು ಆತನ ವಾದ. ಯಕ್ಷಗಾನದ ಪ್ರೇಕ್ಷಕನಿಗೆ ಇದು ಹೊಸ ಮಾತಲ್ಲ. ವೇಷಧಾರಿಯು ಮುಖವರ್ಣಿಕೆಯನ್ನು ತಾನೇ ಬರೆದುಕೊಂಡರೂ ವೇಷ ಕಟ್ಟಲು ನೇಪಥ್ಯದವರ ಕೈ ಬೇಕು; ಕುಣಿಯಲು ಭಾಗವತರ ಪದ, ಚೆಂಡೆ ಮದ್ದಳೆಗಳ ಸಾಥ್ ಬೇಕು; ಮಾತಾಡಲು ಎದುರುವೇಷ ಬೇಕು.

ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ೧೯೭೩ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಉದ್ಯೋಗದ ಸುದ್ದಿ ಜನರಿಗೆ ಮುಟ್ಟುವುದು ಆಪ್ತರಿಂದಲ್ಲ, ಅಪರೂಪಕ್ಕೆ ಭೇಟಿಯಾಗುವ ಪರಿಚಿತರಿಂದ ಎಂದು ತೋರಿಸಿದ. ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ದೂರದ ಪರಿಚಯದಿಂದಲೇ ಬರುತ್ತದೆ. ಇಂದು ವೃತ್ತಿಮಾರ್ಗದರ್ಶಕರು ‘ನೆಟ್‌ವರ್ಕಿಂಗ್’ ಎಂದು ಬೋಧಿಸುವುದರ ಹಿಂದೆ ಬಹುಮಟ್ಟಿಗೆ ಈ ತಿಳಿವಳಿಕೆಯಿದೆ. ಆದರೆ ಇದನ್ನು ಮೇಳದ ಜೀವನಕ್ಕೆ ಹಾಗೆಯೇ ಅನ್ವಯಿಸಲಾಗದು. ಗ್ರಾನೊವೆಟರನ ಉದ್ಯೋಗಾಕಾಂಕ್ಷಿಗೆ ಬೇಕಾದುದು ಸುದ್ದಿ. ಮೇಳದ ಕಲಾವಿದನಿಗೆ ಬೇಕಾದುದು ಸಾಕ್ಷಿ. ಯಾವ ಮೇಳದಲ್ಲಿ ಎರಡನೆಯ ವೇಷಕ್ಕೆ ಜನ ಬೇಕಾಗಿದ್ದಾರೆಂಬುದು ಮಳೆಗಾಲ ಮುಗಿಯುವ ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಆ ವೇಷವನ್ನು ಇಂಥವನು ನಿಭಾಯಿಸಬಲ್ಲನೆಂದು ಕಂಡವರು ಹೇಳಬೇಕು. ಆ ಮಾತನ್ನು ಹೇಳಬಲ್ಲವರು ಅವನೊಡನೆ ರಾತ್ರಿಗಳನ್ನು ಕಳೆದವರು ಮಾತ್ರ.

೩

ಕರಾವಳಿಯ ಮೇಳಗಳು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಸುಮಾರು ಆರು ತಿಂಗಳ ಕಾಲ ಭಾಗವತರು, ಮದ್ದಳೆಗಾರರು, ವೇಷಧಾರಿಗಳು, ನೇಪಥ್ಯದವರು ಒಂದೇ ತಂಡವಾಗಿ ಊರಿಂದೂರಿಗೆ ಹೋಗುತ್ತಾರೆ. ಈ ತಂಡದ ನಿಜವಾದ ಸಭೆ ಸೇರುವುದು ಚೌಕಿಯಲ್ಲಿ. ಅಂದಿನ ಪ್ರಸಂಗದ ಪಾತ್ರಗಳು ಹಂಚಿಕೆಯಾಗುವುದು, ಹಿರಿಯನ ಪಕ್ಕದಲ್ಲಿ ಕುಳಿತು ಕಿರಿಯನು ಬಣ್ಣದ ಪಾಠ ಕಲಿಯುವುದು, ರಂಗದಲ್ಲಿ ತಪ್ಪಿದ್ದು ಯಾರೆಂದು ಮಾತಾಗುವುದು ಎಲ್ಲವೂ ಅಲ್ಲಿಯೇ.

ಹುಡುಗನೊಬ್ಬನು ಮೇಳಕ್ಕೆ ಪ್ರವೇಶ ಪಡೆಯುತ್ತಿದ್ದುದು ಪೂರ್ವರಂಗದ ಮೂಲಕ. ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ, ಮುಂದೆ ಪ್ರಸಂಗದ ಸಣ್ಣಪುಟ್ಟ ವೇಷಗಳು ಎಂಬ ಮೆಟ್ಟಿಲುಗಳನ್ನು ಶಿಕ್ಷಣಕ್ರಮವೆಂದು ನಾವು ವಿವರಿಸಿದ್ದೇವೆ. ಇದು ಪರಿಚಯಕ್ರಮವೂ ಹೌದು ಎಂಬುದನ್ನು ಗಮನಿಸಿಲ್ಲ. ಪ್ರೇಕ್ಷಕರು ಇನ್ನೂ ಸೇರುತ್ತಿರುವ ಹೊತ್ತಿನಲ್ಲಿ ಕುಣಿಯುವ ಹುಡುಗನನ್ನು ಗಮನಿಸುತ್ತಿದ್ದವರು ಮುಖ್ಯವಾಗಿ ಹಿಮ್ಮೇಳದವರು. ಹುಡುಗನ ತಾಳಜ್ಞಾನ, ಹೆಜ್ಜೆಯ ಖಚಿತತೆ, ತಪ್ಪಿದಾಗ ಸಾವರಿಸಿಕೊಳ್ಳುವ ಸಾಮರ್ಥ್ಯ ಅವರ ಕಣ್ಣಿಗೆ ಬೀಳುತ್ತಿದ್ದವು. ಮುಂದೊಂದು ದಿನ ವೇಷಧಾರಿಯೊಬ್ಬನು ಬಾರದಿದ್ದಾಗ ‘ಇವನಿಗೆ ಕೊಡಿ’ ಎಂಬ ಮಾತು ಬರುತ್ತಿದ್ದುದು ಈ ಕಾಣ್ಕೆಯಿಂದಲೇ. ಪಾತ್ರಗಳನ್ನು ಹಂಚುವ ಅಧಿಕಾರವುಳ್ಳ ಭಾಗವತರು ಕಿರಿಯರ ಪಾಲಿಗೆ ಗುರುವೂ ಪರೀಕ್ಷಕರೂ ಶಿಫಾರಸುದಾರರೂ ಆಗಿರುತ್ತಿದ್ದರು.

ಚೌಕಿಯ ತೀರ್ಪು ಹೊರಗೆ ಹರಡುವುದಕ್ಕೆ ಬೇರೆ ಸಂದರ್ಭಗಳಿದ್ದವು. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಆಡುವ ಜೋಡಾಟ ಅವುಗಳಲ್ಲಿ ಒಂದು. ಜೋಡಾಟವನ್ನು ನಾವು ಸ್ಪರ್ಧೆಯ ರೋಚಕತೆಗಾಗಿ ನೆನೆಯುತ್ತೇವೆ. ಆದರೆ ಸಮಾನ ವೇಷದ ಇಬ್ಬರು ಕಲಾವಿದರನ್ನು ಎರಡೂ ಮೇಳಗಳ ಯಜಮಾನರು, ಭಾಗವತರು ಏಕಕಾಲದಲ್ಲಿ ಹೋಲಿಸಿ ನೋಡುವ ಅವಕಾಶವೂ ಅದಾಗಿತ್ತು. ತಾಳಮದ್ದಳೆ ಇನ್ನೊಂದು ಸಂದರ್ಭ. ಅಲ್ಲಿ ವೃತ್ತಿಕಲಾವಿದರೊಡನೆ ಅಧ್ಯಾಪಕರು, ವಕೀಲರು, ಕೃಷಿಕರು, ವ್ಯಾಪಾರಿಗಳು ಅರ್ಥ ಹೇಳುತ್ತಾರೆ. ಹರಿಕಥೆ, ತಾಳಮದ್ದಳೆ, ಬಯಲಾಟ ಮೂರರಲ್ಲಿಯೂ ದುಡಿದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವೃತ್ತಿಜೀವನವನ್ನು ಮೇಳಗಳ ಯಾದಿಯಿಂದಷ್ಟೇ ಅರಿಯಲಾಗದು. ಗ್ರಾನೊವೆಟರ್ ಹೇಳುವ ದೂರದ ಪರಿಚಯದ ಬಲ ಯಕ್ಷಗಾನದಲ್ಲಿ ಎಲ್ಲಾದರೂ ಇದ್ದರೆ ಅದು ತಾಳಮದ್ದಳೆಯ ಕೂಟಗಳಲ್ಲಿ.

ಕಲಾವಿದರ ಹೆಸರುಗಳೂ ಇಲ್ಲಿ ವಿಚಾರಾರ್ಹವಾಗಿವೆ. ಶೇಣಿ, ಕುರಿಯ, ಚಿಟ್ಟಾಣಿ, ಕೆರೆಮನೆ ಎಂದಷ್ಟೇ ಹೇಳಿದರೆ ಸಾಕು, ಪ್ರೇಕ್ಷಕನಿಗೆ ವ್ಯಕ್ತಿ ತಿಳಿಯುತ್ತಾನೆ. ಊರು ಮನೆಗಳ ಹೆಸರೇ ವೃತ್ತಿಯ ಹೆಸರಾಗುವ ಈ ರೂಢಿಯು ಕಲಾವಿದನ ಮೊದಲ ಹೊಣೆಗಾರರು ಯಾರೆಂಬುದನ್ನು ಸೂಚಿಸುತ್ತದೆ. ಈ ರೂಢಿಗೆ ಇನ್ನೊಂದು ಮುಖವೂ ಇದೆ. ಊರು, ಮನೆತನ, ಜಾತಿ, ಬಂಧುತ್ವಗಳ ಬಲವಿದ್ದವನಿಗೆ ಚೌಕಿಯ ಬಾಗಿಲು ಬೇಗ ತೆರೆಯುತ್ತಿತ್ತು. ಇಲ್ಲದವನು ಹೆಚ್ಚು ಕಾಲ ಹೊರಗೆ ಕಾಯಬೇಕಾಗುತ್ತಿತ್ತು. ಮೇಳದ ಹಳೆಯ ವ್ಯವಸ್ಥೆಯನ್ನು ಆದರ್ಶವೆಂದು ಚಿತ್ರಿಸುವ ಬರಹಗಳು ಈ ಮಾತನ್ನು ಮರೆಯುತ್ತವೆ.

ಬಾಗಿಲು ಹೆಂಗಸರಿಗಂತೂ ಬಹುಕಾಲ ಮುಚ್ಚಿಯೇ ಇತ್ತು. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಮೊದಲ ಮಹಿಳಾ ಭಾಗವತರೆಂದು ಹೆಸರಾದ, ೨೦೨೪ರಲ್ಲಿ ತೀರಿಕೊಂಡ ಲೀಲಾವತಿ ಬೈಪಾಡಿತ್ತಾಯರು ಪತಿ, ಹಿಮ್ಮೇಳವಾದಕ ಹರಿನಾರಾಯಣ ಬೈಪಾಡಿತ್ತಾಯರ ಜೊತೆಗೂಡಿ ವೃತ್ತಿಯಲ್ಲಿ ತೊಡಗಿದವರು. ಅವರ ಪ್ರತಿಭೆಯನ್ನು ಹೊಗಳುವಾಗ, ಗಂಡಸರೇ ತುಂಬಿದ್ದ ತಿರುಗಾಟದ ಲೋಕದಲ್ಲಿ ಇಂಥ ಜೊತೆಯಿಲ್ಲದ ಇತರ ಹೆಂಗಸರಿಗೆ ಯಾವ ದಾರಿಯಿತ್ತು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಮಹಿಳಾ ತಂಡಗಳು ಬೆಳೆದು ಪ್ರದರ್ಶನದ ಅವಕಾಶಗಳು ಹೆಚ್ಚಿವೆ. ಆದರೆ ವೃತ್ತಿಮೇಳದ ಚೌಕಿಯಲ್ಲಿ ಹಿರಿಯರ ನಡುವೆ ಕುಳಿತು, ಆರು ತಿಂಗಳು ಒಂದೇ ತಂಡದ ಕಣ್ಣೆದುರು ಬೆಳೆಯುವ ಅವಕಾಶವನ್ನು ಈ ತಂಡಗಳು ತುಂಬಿಕೊಡಲಾರವು.

೪

ಮೇಳಗಳನ್ನು ಒಂದೇ ಬಗೆಯ ಸಂಸ್ಥೆಗಳೆಂದು ಭಾವಿಸುವುದೂ ಸರಿಯಲ್ಲ. ವೃತ್ತಿಸಂಬಂಧದ ದೃಷ್ಟಿಯಿಂದ ಮೂರು ಬಗೆಯ ಅರ್ಥವ್ಯವಸ್ಥೆಗಳನ್ನು ಗುರುತಿಸಬಹುದು.

ಮೊದಲನೆಯದು ಹರಕೆಯ ವ್ಯವಸ್ಥೆ. ಕಟೀಲು, ಮಂದಾರ್ತಿ, ಧರ್ಮಸ್ಥಳ ಮೊದಲಾದ ಕ್ಷೇತ್ರಗಳ ಮೇಳಗಳಲ್ಲಿ ಭಕ್ತರು ಸೇವೆಯಾಗಿ ಆಟ ಆಡಿಸುತ್ತಾರೆ. ಕಟೀಲು, ಮಂದಾರ್ತಿಗಳಲ್ಲಿ ಹರಕೆಯಾಟಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಇಲ್ಲಿ ಆಟಕ್ಕೆ ಇರುವ ಬೇಡಿಕೆ ದೇವರ ಮೇಲಿನ ಭಕ್ತಿಯಿಂದ ಹುಟ್ಟುತ್ತದೆ. ಇಂದು ಯಾರ ವೇಷವಿದೆ ಎಂಬುದನ್ನು ಅದು ಅವಲಂಬಿಸಿಲ್ಲ. ಆದುದರಿಂದ ಕಲಾವಿದನು ತನ್ನ ಹೆಸರನ್ನು ಮಾರಬೇಕಾಗಿಲ್ಲ. ಅವನು ಮೇಳದ ಯಜಮಾನರ ಮತ್ತು ಭಾಗವತರ ವಿಶ್ವಾಸವನ್ನು ಉಳಿಸಿಕೊಂಡರೆ ಸಾಕು. ೨೦೨೩ರಲ್ಲಿ ನಿಧನರಾದ ಬಲಿಪ ನಾರಾಯಣ ಭಾಗವತರು ಕಟೀಲು ಮೇಳದೊಡನೆ ಇಟ್ಟುಕೊಂಡಿದ್ದ ದೀರ್ಘ ಸಂಬಂಧವನ್ನು ಈ ವ್ಯವಸ್ಥೆಯ ಸ್ಥಿರತೆಯಿಲ್ಲದೆ ಊಹಿಸುವುದು ಕಷ್ಟ.

ಎರಡನೆಯದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಬಲಗೊಂಡ ಡೇರೆ ಮೇಳಗಳ ಟಿಕೆಟ್ಟಿನ ವ್ಯವಸ್ಥೆ. ಇಲ್ಲಿ ಕಲಾವಿದನ ಹೆಸರಿಗೆ ಬೆಲೆ ಬಂತು. ಕರಪತ್ರದಲ್ಲಿ ಯಾರ ಹೆಸರು ಮೊದಲು, ಯಾರ ಹೆಸರು ದಪ್ಪಕ್ಷರದಲ್ಲಿ ಎಂಬುದು ವೃತ್ತಿಯ ಸ್ಥಾನಮಾನವನ್ನು ತಿಳಿಸತೊಡಗಿತು. ಸಾಲಿಗ್ರಾಮ ಮೇಳದ ಭಾಗವತರಾಗಿ ಜನರನ್ನು ಸೆಳೆದು, ೧೯೯೦ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಕಾಳಿಂಗ ನಾವಡರ ಕಾಲದಲ್ಲಿ ಭಾಗವತರಿಗಾಗಿಯೇ ಟಿಕೆಟ್ಟು ಕೊಳ್ಳುವ ಪ್ರೇಕ್ಷಕವರ್ಗ ಬೆಳೆದಿತ್ತು. ಆದರೂ ಡೇರೆ ಮೇಳವು ಮೇಳವಾಗಿಯೇ ಉಳಿಯಿತು. ತಾರಾಮೌಲ್ಯವಿದ್ದವನೂ ಋತುವಿಡೀ ಅದೇ ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚಬೇಕಾಗಿತ್ತು. ಅವನ ನೆರಳಿನಲ್ಲಿ ಕಿರಿಯರು ಬೆಳೆಯಲು ಅವಕಾಶವಿತ್ತು.

ಮೂರನೆಯದು ಆಹ್ವಾನದ ವ್ಯವಸ್ಥೆ. ಮಳೆಗಾಲದ ಬಿಡುವಿನಲ್ಲಿ ಮುಂಬಯಿ, ಬೆಂಗಳೂರುಗಳಲ್ಲಿ, ಕೊಲ್ಲಿ ರಾಷ್ಟ್ರಗಳ ಕನ್ನಡ, ತುಳು ಬಾಂಧವರ ನಡುವೆ ನಡೆಯುವ ಪ್ರದರ್ಶನಗಳಿಗೆ ಸಂಘಟಕರು ಬೇರೆಬೇರೆ ಮೇಳಗಳಿಂದ ಕಲಾವಿದರನ್ನು ಆರಿಸಿ ಒಂದು ರಾತ್ರಿಯ ತಂಡ ಕಟ್ಟುತ್ತಾರೆ. ಊರಿನಲ್ಲಿಯೂ ‘ಅತಿಥಿ ಕಲಾವಿದರು’ ಎಂಬ ಮಾತು ಕರಪತ್ರದ ಸಾಮಾನ್ಯ ಭಾಗವಾಯಿತು. ಇಲ್ಲಿ ಕಲಾವಿದನನ್ನು ಆರಿಸುವವರು ಭಾಗವತರಲ್ಲ, ಸಂಘಟಕರು. ಅವರಲ್ಲಿ ಒಳ್ಳೆಯ ರಸಿಕರಿದ್ದಾರೆ, ಕೈಯಿಂದ ಹಣ ಹಾಕಿ ಕಲೆಯನ್ನು ಪೋಷಿಸಿದವರಿದ್ದಾರೆ. ಆದರೆ ಸಂಘಟಕರು ನೋಡುವುದು ರಂಗವನ್ನು, ಚೌಕಿಯನ್ನಲ್ಲ. ಪ್ರದರ್ಶನದ ಕೆಲವು ನಿಮಿಷಗಳ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಕಾಲದಲ್ಲಿ ಆ ನೋಟವೂ ಕಿರಿದಾಗಿದೆ. ತುಣುಕಿನಲ್ಲಿ ಕಾಣುವುದು ಪ್ರವೇಶದ ಕುಣಿತ, ಏರುಪದ, ಚುರುಕು ಮಾತು. ಎದುರುವೇಷವು ಸೋಲದಂತೆ ಮಾತನ್ನು ಎತ್ತಿಕೊಟ್ಟವನ ಕೌಶಲ, ಬೆಳಗಿನ ಜಾವ ತಗ್ಗುತ್ತಿದ್ದ ಪ್ರಸಂಗವನ್ನು ಹಿಡಿದೆತ್ತಿದ ಹಾಸ್ಯಗಾರನ ಸಮಯಪ್ರಜ್ಞೆ, ಹೊಸಬನ ಹೆಜ್ಜೆಗೆ ಹೊಂದಿಕೊಂಡ ಮದ್ದಳೆಗಾರನ ತಾಳ್ಮೆ ಅದರಲ್ಲಿ ಕಾಣುವುದಿಲ್ಲ. ನೇಪಥ್ಯದವರಂತೂ ಎಲ್ಲಿಯೂ ಕಾಣರು.

ಈ ಬದಲಾವಣೆಗೆ ಕಾಲಮಿತಿಯ ಪ್ರದರ್ಶನಗಳೂ ಕೂಡಿಕೊಂಡಿವೆ. ಮೂರು ನಾಲ್ಕು ಗಂಟೆಯ ಆಟದಲ್ಲಿ ಮೊದಲು ಕತ್ತರಿಸಲ್ಪಡುವುದು ಪೂರ್ವರಂಗ. ಇದರಿಂದ ಸಾಂಪ್ರದಾಯಿಕ ಅಂಗವೊಂದು ನಷ್ಟವಾಯಿತೆಂದು ವಿಮರ್ಶಕರು ಸರಿಯಾಗಿಯೇ ಕೊರಗಿದ್ದಾರೆ. ಆದರೆ ನಷ್ಟವು ಅಷ್ಟಕ್ಕೇ ನಿಲ್ಲುವುದಿಲ್ಲ. ಕಿರಿಯನು ಹಿರಿಯರ ಕಣ್ಣಿಗೆ ಬೀಳುತ್ತಿದ್ದ ಬಾಗಿಲೇ ಅದರೊಡನೆ ಮುಚ್ಚಿಹೋಗುತ್ತದೆ. ಮೊದಲ ಮೆಟ್ಟಿಲು ಇಲ್ಲದಾದಾಗ ಮೇಲಿನ ಮೆಟ್ಟಿಲಿಗೆ ಏರುವವರು, ಅಲ್ಲಿಗೆ ನೇರವಾಗಿ ಕೈಹಿಡಿದು ಎತ್ತಬಲ್ಲ ಬಂಧುಮಿತ್ರರು ಇದ್ದವರೇ ಆಗುತ್ತಾರೆ. ಪ್ರದರ್ಶನವನ್ನು ಕಿರಿದುಗೊಳಿಸುವ ನಿರ್ಧಾರವು ಹೀಗೆ, ಯಾರ ಉದ್ದೇಶವೂ ಆಗಿರದಿದ್ದರೂ, ವೃತ್ತಿಯ ಪ್ರವೇಶವನ್ನು ಕಿರಿದುಗೊಳಿಸುತ್ತದೆ.

೫

ಮೇಳದ ಹೊರಗೆ ಇನ್ನೊಂದು ಸಂಬಂಧಜಾಲವನ್ನು ಕಟ್ಟಿದ ಸಂಸ್ಥೆಗಳ ಪಾತ್ರವನ್ನೂ ಇಲ್ಲಿ ಪರಿಶೀಲಿಸಬೇಕು. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯು ತಲೆಮಾರುಗಳ ಮೂಲಕ ಸಾಗಿ ಬಂದಿದೆ. ಅವರ ಮಗ ಶಂಭು ಹೆಗಡೆಯವರು ನೃತ್ಯಸಂಯೋಜಕಿ ಮಾಯಾ ರಾವ್ ಅವರಲ್ಲಿ ಅಭ್ಯಾಸ ಮಾಡಿ, ೧೯೮೬ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಆರಂಭಿಸಿದರು. ಉಡುಪಿಯಲ್ಲಿ ೧೯೭೧ರಲ್ಲಿ ಶಿವರಾಮ ಕಾರಂತ, ಕು. ಶಿ. ಹರಿದಾಸ ಭಟ್ಟರ ಪ್ರಯತ್ನದಿಂದ ಯಕ್ಷಗಾನ ಕೇಂದ್ರ ಸ್ಥಾಪಿತವಾಯಿತು. ಈ ಸಂಸ್ಥೆಗಳು ಕಲಾವಿದನನ್ನು ಅಕಾಡೆಮಿ, ವಿಶ್ವವಿದ್ಯಾಲಯ, ರಾಷ್ಟ್ರೀಯ ನೃತ್ಯೋತ್ಸವ, ವಿದೇಶ ಪ್ರವಾಸಗಳ ವಲಯಕ್ಕೆ ಜೋಡಿಸಿದವು. ಈ ವಲಯದಲ್ಲಿ ಮಾತು ಸಾಗುವುದು ಅರ್ಜಿ, ಪರಿಚಯಪತ್ರ, ವರದಿಗಳ ಮೂಲಕ, ಬಹುಪಾಲು ಇಂಗ್ಲಿಷಿನಲ್ಲಿ. ಆದುದರಿಂದ ಕಲಾವಿದನ ಪರವಾಗಿ ಮಾತಾಡಬಲ್ಲ ಮಧ್ಯವರ್ತಿ, ಅಂದರೆ ವಿದ್ವಾಂಸ, ಅಧ್ಯಾಪಕ ಅಥವಾ ಅಧಿಕಾರಿ, ಅನಿವಾರ್ಯನಾದ.

ಜಾನಪದ ವಿದ್ವಾಂಸರಾದ ನಾವು ಈ ಮಧ್ಯವರ್ತಿಗಳ ಗುಂಪಿಗೆ ಸೇರಿದವರು. ನಾವು ಬರೆದ ಲೇಖನ, ಸೂಚಿಸಿದ ಹೆಸರು, ಆಹ್ವಾನಿಸಿದ ತಂಡ ಕಲಾವಿದರ ವೃತ್ತಿಯ ದಿಕ್ಕನ್ನು ಬದಲಿಸುತ್ತವೆ. ಹೀಗಿದ್ದೂ ನಮ್ಮ ಬರಹಗಳಲ್ಲಿ ನಾವು ಕೇವಲ ನೋಡುವವರಂತೆ ನಿಲ್ಲುತ್ತೇವೆ. ವೃತ್ತಿಮೇಳಗಳ ತಿರುಗಾಟದಲ್ಲಿಯೇ ಬೆಳೆದು ಜನಪ್ರಿಯತೆಯ ಶಿಖರಕ್ಕೇರಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ೨೦೧೨ರಲ್ಲಿ ಪದ್ಮಶ್ರೀ ದೊರೆತಾಗ ಅವರಿಗೆ ಎಪ್ಪತ್ತೆಂಟರ ಆಸುಪಾಸು. ಜನ ಒಪ್ಪಿದ್ದಕ್ಕೂ ಸಂಸ್ಥೆಗಳು ಒಪ್ಪಿದ್ದಕ್ಕೂ ನಡುವಿನ ಈ ಅಂತರವನ್ನು ಅಭಿರುಚಿಯ ಭೇದದಿಂದ ಮಾತ್ರ ವಿವರಿಸಲಾಗದು. ಎರಡು ಸಂಬಂಧಜಾಲಗಳು ಬೇರೆಬೇರೆಯಾಗಿ ಹರಿಯುತ್ತಿದ್ದವು, ಅವುಗಳ ನಡುವಿನ ಸೇತುವೆ ಕಿರಿದಾಗಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಲಾವಿದರ ಯೋಗಕ್ಷೇಮಕ್ಕಾಗಿ ಹುಟ್ಟಿದ ಸಂಘಟನೆಗಳು ಈ ಚಿತ್ರದ ಇನ್ನೊಂದು ಮುಖ. ೧೯೭೫ರಲ್ಲಿ ಸ್ಥಾಪನೆಯಾದ ಉಡುಪಿಯ ಯಕ್ಷಗಾನ ಕಲಾರಂಗ, ೨೦೧೫ರಲ್ಲಿ ಆರಂಭವಾದ ಯಕ್ಷಧ್ರುವ ಪಟ್ಲ ಫೌಂಡೇಶನ್ ಮೊದಲಾದವು ಕಲಾವಿದರ ಕಷ್ಟಕ್ಕೆ ಒದಗಿವೆ. ೨೦೨೦ರ ಮಾರ್ಚಿನಲ್ಲಿ ಕೊರೊನಾದ ಕಾರಣದಿಂದ ತಿರುಗಾಟವು ಋತುವಿನ ನಡುವೆಯೇ ನಿಂತಾಗ, ಸಂಬಂಧವೆಂಬುದು ವೇಷ ಸಿಗುವುದಕ್ಕೆ ಮಾತ್ರವಲ್ಲ, ಒಲೆ ಉರಿಯುವುದಕ್ಕೂ ಬೇಕೆಂಬುದು ಸ್ಪಷ್ಟವಾಯಿತು. ಆದರೆ ನೆರವು ಮತ್ತು ಹಕ್ಕು ಒಂದೇ ಅಲ್ಲ. ಬಾಯಿಮಾತಿನ ಒಪ್ಪಂದ ಹಾಗೂ ಮುಂಗಡ ಹಣದ ಮೇಲೆ ನಡೆಯುವ ವೃತ್ತಿಯಲ್ಲಿ ವಿಶ್ವಾಸಕ್ಕೆ ಎಷ್ಟು ಸ್ಥಾನವಿದೆಯೋ ಹಂಗಿಗೂ ಅಷ್ಟೇ ಸ್ಥಾನವಿದೆ. ಕರೆದವರ ಹಂಗಿನಲ್ಲಿರುವ ಕಲಾವಿದನು ಸಂಭಾವನೆಯ ಬಗ್ಗೆಯಾಗಲಿ ಪ್ರಸಂಗದ ಆಯ್ಕೆಯ ಬಗ್ಗೆಯಾಗಲಿ ಬಾಯಿ ತೆರೆಯುವುದು ಕಷ್ಟ. ಸಂಬಂಧವು ಸಾಕ್ಷಿಯ ಮೇಲೆ ನಿಂತಿದ್ದಾಗ ಅದು ಕಲಾವಿದನನ್ನು ಬೆಳೆಸುತ್ತದೆ; ಹಂಗಿನ ಮೇಲೆ ನಿಂತಾಗ ಅವನನ್ನು ಮೌನಿಯಾಗಿಸುತ್ತದೆ.

೬

ಈ ವಿವೇಚನೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ಮೊದಲನೆಯದು ದಾಖಲೀಕರಣವನ್ನು ಕುರಿತದ್ದು. ಕಲಾವಿದರ ಸಂದರ್ಶನಗಳಲ್ಲಿ ‘ಯಾವ ಮೇಳ’ ಎಂಬುದರ ಜೊತೆಗೆ ‘ಯಾರು ಕರೆದರು, ಯಾಕೆ ಬಿಟ್ಟಿರಿ, ಮಳೆಗಾಲದಲ್ಲಿ ಏನು ಮಾಡಿದಿರಿ’ ಎಂಬ ಪ್ರಶ್ನೆಗಳಿಗೂ ಸ್ಥಾನವಿರಬೇಕು. ನವರಾತ್ರಿಯ ಹೂವಿನಕೋಲು, ಮಳೆಗಾಲದ ಚಿಕ್ಕಮೇಳ, ಶಾಲೆಗಳ ತರಬೇತಿ ಇವೆಲ್ಲ ವೃತ್ತಿಚರಿತ್ರೆಯ ಅಧ್ಯಾಯಗಳೇ ಆಗಿವೆ. ಎರಡನೆಯದು ಆಕರಗಳನ್ನು ಕುರಿತದ್ದು. ಕರಪತ್ರಗಳು, ಪಾತ್ರಹಂಚಿಕೆಯ ಚೀಟಿಗಳು, ಮೇಳಗಳ ಲೆಕ್ಕಪುಸ್ತಕಗಳು ಪ್ರಸಂಗದ ಹಸ್ತಪ್ರತಿಗಳಷ್ಟೇ ಬೆಲೆಯುಳ್ಳವು. ಗ್ರಂಥಾಲಯಗಳು ಅವುಗಳನ್ನು ಸಂಗ್ರಹಿಸಬೇಕು. ಮೂರನೆಯದು ಅಕಾಡೆಮಿಗಳನ್ನು ಕುರಿತದ್ದು. ಪ್ರಶಸ್ತಿಗೆ ಹೆಸರು ಆರಿಸುವಾಗ ಸಂಘಟಕರ ಪತ್ರಗಳಿಗಿಂತ ಸಹಕಲಾವಿದರ ಅಭಿಪ್ರಾಯಕ್ಕೆ, ವಿಶೇಷವಾಗಿ ಹಿಮ್ಮೇಳದವರ ಹಾಗೂ ನೇಪಥ್ಯದವರ ಮಾತಿಗೆ, ಹೆಚ್ಚಿನ ತೂಕ ಕೊಡುವ ಕ್ರಮವನ್ನು ರೂಪಿಸಬಹುದು. ನಾಲ್ಕನೆಯದು ತರಬೇತಿ ಕೇಂದ್ರಗಳನ್ನು ಕುರಿತದ್ದು. ಹೆಜ್ಜೆ ಕಲಿಸುವಲ್ಲಿ ಅವು ಯಶಸ್ವಿಯಾಗಿವೆ. ಆದರೆ ಕಲಿತವನು ಹಿರಿಯರ ಕಣ್ಣೆದುರು ಸಣ್ಣ ವೇಷ ಮಾಡುತ್ತ ಬೆಳೆಯಲು ಮೇಳಗಳೊಡನೆ ನಿಯತವಾದ ಏರ್ಪಾಡು ಬೇಕು. ಲಿಖಿತ ಒಪ್ಪಂದವೆಂದರೇನು, ಸಂಭಾವನೆಯನ್ನು ಮಾತಾಡುವುದು ಹೇಗೆ ಎಂಬುದೂ ಪಾಠಕ್ರಮದಲ್ಲಿ ಸೇರಬೇಕು.

ತನ್ನನ್ನು ತಾನು ಪ್ರಚಾರ ಮಾಡಿಕೊಳ್ಳಬೇಕೆಂದು ಇಂದಿನ ಕಲಾವಿದನಿಗೆ ಎಲ್ಲ ಕಡೆಯಿಂದಲೂ ಉಪದೇಶ ಸಿಗುತ್ತಿದೆ. ಮಾರುಕಟ್ಟೆಯ ಒತ್ತಡದಲ್ಲಿ ಅದನ್ನು ತಪ್ಪೆನ್ನಲಾಗದು. ಆದರೆ ಯಕ್ಷಗಾನದ ವೃತ್ತಿಪರಂಪರೆಯು ಬೇರೊಂದು ಕ್ರಮವನ್ನು ರೂಢಿಸಿತ್ತು. ಕಲಾವಿದನ ಯೋಗ್ಯತೆಯನ್ನು ಅವನೇ ಹೇಳಿಕೊಳ್ಳುವ ಬದಲು ಅವನೊಡನೆ ದುಡಿದವರು ಹೇಳುತ್ತಿದ್ದರು. ಆ ಕ್ರಮದಲ್ಲಿದ್ದ ಜಾತಿ, ಲಿಂಗ, ಮನೆತನಗಳ ಬೇಲಿಗಳನ್ನು ಕಿತ್ತೆಸೆದು, ಸಹಕಲಾವಿದರ ಸಾಕ್ಷಿಗೆ ಇದ್ದ ಬೆಲೆಯನ್ನು ಉಳಿಸಿಕೊಳ್ಳುವುದು ಸಾಧ್ಯವೇ ಎಂಬುದು ಈಗ ನಮ್ಮ ಮುಂದಿರುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಹೊಣೆಯಲ್ಲಿ ಮೇಳದ ಯಜಮಾನರಿಗೂ ಸಂಘಟಕರಿಗೂ ಇರುವಷ್ಟೇ ಪಾಲು, ಕಲಾವಿದರ ಚರಿತ್ರೆಯನ್ನು ಬರೆಯುವ ನಮಗೂ ಇದೆ.